ಗೆರೆಯಾಚೆಗಿನ ಮನೆ

ಉಡಾವಣಾ ಕೇಂದ್ರದಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿಯಕ್ಕ. ಅದು ಅವಳಿಗೂ ಗೊತ್ತಿತ್ತು; ಅವಳಿಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಈ ಹೆಸರು ಬಂದದ್ದು ನಾಲಿಗೆಯಿಂದಲ್ಲ, ಕೆಲಸದಿಂದ. ಹಾರಿಸಿದ ರಾಕೆಟ್ಟು ದಾರಿ ತಪ್ಪಿ ಜನರಿರುವ ಕಡೆ ತಿರುಗಿದರೆ ಅದನ್ನು ಆಕಾಶದಲ್ಲೇ ಒಡೆದುಹಾಕಬೇಕು. ಹಾಗೆ ಒಡೆಯುವ ಗುಂಡಿ ಅವಳ ಮೇಜಿನ ಮೇಲೆ, ಕೆಂಪು ಮುಚ್ಚಳದ ಕೆಳಗೆ ಇತ್ತು. ಸಂಬಂಧ ಕತ್ತರಿಸುವವಳು, ಕತ್ತರಿಯಕ್ಕ.

ಅವಳು ಸೇರಿದಾಗಿನಿಂದ ಆ ಮುಚ್ಚಳವನ್ನು ಎತ್ತುವ ಪ್ರಸಂಗ ಬಂದಿರಲಿಲ್ಲ. ಹಾಗಂತ ಅವಳು ಸುಮ್ಮನೆ ಸಂಬಳ ಎಣಿಸುತ್ತ ಕೂತವಳಲ್ಲ. ಪ್ರತಿಯೊಂದು ಹಾರಾಟದಲ್ಲೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರದೆ ನೋಡುತ್ತಿದ್ದಳು. ಎಲ್ಲ ಸರಿಯಾಗಿ ಮುಗಿದು ಆಚೆ ಕಟ್ಟಡದಲ್ಲಿ ಚಪ್ಪಾಳೆ, ಕೇಕೆ ಕೇಳುವಾಗ ಇಲ್ಲಿ ಅವಳು ಕುತ್ತಿಗೆ ತಿರುಗಿಸಿ ಲಟಿಕೆ ತೆಗೆದುಕೊಂಡು, ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದಳು. ಆ ಚಪ್ಪಾಳೆಯಲ್ಲಿ ಅವಳ ಪಾಲಿರಲಿಲ್ಲ. ನಿಯಮವೇ ಹಾಗಿತ್ತು. ರಾಕೆಟ್ಟು ಕಟ್ಟುವವರ ಜೊತೆ ಸುರಕ್ಷತೆಯವರು ಬೆರೆಯಬಾರದು. ಒಟ್ಟಿಗೆ ಕೂತು ಉಂಡವರ ಕೂಸನ್ನು ಕೊಲ್ಲುವುದು ಕಷ್ಟ; ಕಷ್ಟವಾದಾಗ ಕೈ ತಡೆಯುತ್ತದೆ; ಕೈ ತಡೆದರೆ ಊರಿನ ಮೇಲೆ ಬೆಂಕಿ ಬೀಳುತ್ತದೆ. ಹಾಗಾಗಿ ಅವಳ ಕೋಣೆ ಬೇರೆ, ಕ್ಯಾಂಟೀನಿನ ಹೊತ್ತು ಬೇರೆ, ವಾಹನ ನಿಲ್ಲಿಸುವ ಜಾಗವೂ ಬೇರೆ. ಕೋಣೆಗೆ ಕಿಟಕಿಯಿರಲಿಲ್ಲ. ಕಿಟಕಿಯಿಂದ ಕಂಡದ್ದನ್ನು ನಂಬಿ ಪರದೆಯನ್ನು ಮರೆತಾರೆಂದು ಕಟ್ಟಿಸಿದವರಿಗೆ ಭಯವಿತ್ತಂತೆ.

ಇಂಥವಳಿಗೆ ಇದ್ದದ್ದು ಒಬ್ಬ ತಂಗಿ.

ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ಲಂಗದ ದಾರ ಕಟ್ಟಿಕೊಳ್ಳಲು ಬಾರದ ವಯಸ್ಸಿನವಳು. ಅಕ್ಕನೇ ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿ ಬೆಳೆಸಿದ್ದಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಇವಳದ್ದೊಂದು ಆಗಲಿ" ಎನ್ನುತ್ತಿದ್ದಳು. ಇವಳದ್ದು ಆಗುವ ಹೊತ್ತಿಗೆ ಅಕ್ಕನನ್ನು ಕೇಳುವವರು ಕೇಳುವುದನ್ನೇ ಬಿಟ್ಟಿದ್ದರು. ತಂಗಿಗೆ ಗಂಡು ಹುಡುಕಿದ್ದೂ ಅಕ್ಕನೇ. ಅವಳದೇ ಕೇಂದ್ರದಲ್ಲಿ ಕಾಗದಪತ್ರದ ವಿಭಾಗದ ಪಕ್ಕ ಕೂತು ಲೆಕ್ಕಾಚಾರ ಮಾಡುತ್ತಿದ್ದ ಎಂಜಿನಿಯರು, ಆಗ ರಾಕೆಟ್ಟು ಕಟ್ಟುವವರ ಪೈಕಿಯಲ್ಲ. ನಗು ಎಂದರೆ ನಗು ಅವನದ್ದು, ಕೇಳಿದವರಿಗೆ ಜೋಕು ಗೊತ್ತಿಲ್ಲದಿದ್ದರೂ ನಗು ಬರುತ್ತಿತ್ತು. ಹೆಂಡತಿಯ ಅಕ್ಕನನ್ನು ಬಾಯ್ತುಂಬ ಅತ್ತಿಗೆ ಎನ್ನುತ್ತಿದ್ದ. ಭಾನುವಾರದ ಊಟ ಅಕ್ಕನಿಗೆ ತಂಗಿಯ ಮನೆಯಲ್ಲೇ. ಉಂಡಾದ ಮೇಲೆ ತಂಗಿಯ ಪುಟ್ಟ ಮಗಳು "ದೊಡ್ಡಮ್ಮ, ಕತೆ" ಎಂದು ತೊಡೆ ಹತ್ತಿದರೆ ಸಂಜೆಯ ತನಕ ಇಳಿಯುತ್ತಿರಲಿಲ್ಲ.

ಕೇಂದ್ರದಲ್ಲಿ ಹೊಸ ಯೋಜನೆ ಶುರುವಾದದ್ದೇ ತಡ, ಈ ಭಾನುವಾರಗಳಿಗೆ ಕುತ್ತು ಬಂತು. ಮೇಲೆ ಹೋದ ರಾಕೆಟ್ಟು ಕೆಲಸ ಮುಗಿಸಿ, ಹೋದ ದಾರಿಯಲ್ಲೇ ಹಿಂದಿರುಗಿ, ತನ್ನ ಕಾಲ ಮೇಲೆ ತಾನೇ ಇಳಿದು ನಿಲ್ಲಬೇಕು. ಇಂಧನ ತುಂಬಿಸಿ ಅದನ್ನೇ ಮತ್ತೆ ಹಾರಿಸಬೇಕು. ತಂಗಿಯ ಗಂಡನನ್ನು ಆ ತಂಡಕ್ಕೆ ಹಾಕಿದರು. ಆ ರಾಕೆಟ್ಟನ್ನು, ಅಲ್ಲಿಯವರ ಮಾತಿನಲ್ಲಿ ವಾಹನವನ್ನು, ಇಳಿಸಿ ನಿಲ್ಲಿಸುವ ಬುದ್ಧಿ ಅವನ ಜವಾಬ್ದಾರಿ. ಅಕ್ಕಪಕ್ಕದವರಿಗೆ ಅವನು ವಿವರಿಸುತ್ತಿದ್ದ ರೀತಿ ಹೀಗಿತ್ತು: "ಬಸ್ಸು ಒಂದ್ಸಲ ಊರು ಮುಟ್ಟಿದ್ಮೇಲೆ ಅದನ್ನ ಸಮುದ್ರಕ್ಕೆ ತಳ್ಳಿಬಿಟ್ಟು, ನಾಳೆ ಹೊಸ ಬಸ್ಸು ಕಟ್ಟಿಸ್ತೀವಿ ಅಂದ್ರೆ ಟಿಕೆಟ್ಟು ಯಾರಿಗೆ ಕೈಗೆಟುಕುತ್ತೆ ಹೇಳಿ? ಇಷ್ಟು ದಿನ ನಾವು ಮಾಡ್ತಿದ್ದಿದ್ದು ಅದನ್ನೇ."

ಅವರು ದುಡುಕುವವರೂ ಆಗಿರಲಿಲ್ಲ. ಮೊದಲು ವಾಹನದ ಕಾಲುಗಳನ್ನಷ್ಟೇ ಕ್ರೇನಿಗೆ ಕಟ್ಟಿ ಎತ್ತಿ ಬೀಳಿಸಿದರು. ಮುರಿದವು. ಗಟ್ಟಿ ಮಾಡಿ ಮತ್ತೆ ಬೀಳಿಸಿದರು. ಆಮೇಲೆ ಇಡೀ ವಾಹನವನ್ನು ಸರಪಳಿಗೆ ಬಿಗಿದು ಆಳುದ್ದ ಎಬ್ಬಿಸಿದರು, ಸರಪಳಿ ಬಿಚ್ಚಿ ತೆಂಗಿನ ಮರದೆತ್ತರ ಎಬ್ಬಿಸಿದರು. ಮಗು ಅಂಬೆಗಾಲಿಟ್ಟು, ಗೋಡೆ ಹಿಡಿದು, ಆಮೇಲೆ ಕೈಬಿಟ್ಟು ನಡೆದಂತೆ. ಕಡಿಮೆ ಎತ್ತರದಿಂದ ಬಿದ್ದರೆ ಮೊಣಕಾಲು ತರಚುತ್ತದೆ, ಮೇಲಿಂದ ಬಿದ್ದರೆ ತಲೆಯೇ ಒಡೆಯುತ್ತದೆ. ಆದ್ದರಿಂದ ಬೀಳುವುದನ್ನೆಲ್ಲ ಕೆಳಗಿರುವಾಗಲೇ ಬಿದ್ದು ಮುಗಿಸಿಬಿಡೋಣ ಎಂಬುದು ಅವರ ತರ್ಕ. ಅಕ್ಕನಿಗೆ ಆ ತರ್ಕ ಹಿಡಿಸಿತ್ತು. ಆದರೆ ಹೇಳುವ ಹಾಗಿರಲಿಲ್ಲ. ತಂಗಿಯ ಗಂಡ ಆ ತಂಡಕ್ಕೆ ಸೇರಿದ ದಿನವೇ ಅವಳ ಕೈಗೆ ಸೂಚನೆ ಬಂದಿತ್ತು: ಪರೀಕ್ಷೆಗಳು ಮುಗಿಯುವ ತನಕ ಆ ಮನೆಗೆ ಹೋಗುವಂತಿಲ್ಲ.

"ಇದೆಂಥ ಮಡಿ ಮೈಲಿಗೆ?" ಎಂದು ತಂಗಿ ಫೋನಿನಲ್ಲಿ ಸಿಡುಕಿದಳು. "ನಾವೇನು ಊಟದ ತಟ್ಟೆಲಿ ರಾಕೆಟ್ ಬಡಿಸ್ತೀವಾ?"

"ಸ್ವಲ್ಪ ದಿನ ಕಣೇ."

"ನಿನ್ನ ಸ್ವಲ್ಪ ದಿನ ನನಗೆ ಗೊತ್ತು. ಮಗು ಅಷ್ಟೊತ್ತಿಗೆ ನಿನ್ನ ಮುಖ ಮರೆತಿರುತ್ತೆ."

ಭಾನುವಾರಗಳು ಉದ್ದವಾದವು. ಅಕ್ಕನದು ಮೂರನೇ ಮಹಡಿಯ ಒಂದು ಕೋಣೆಯ ಮನೆ. ಪಕ್ಕದ ಮನೆಯ ಟಿವಿ ಗೋಡೆಯ ಮೂಲಕ ಕೇಳುತ್ತಿತ್ತು, ಮಾತು ತಿಳಿಯದು, ಗದ್ದಲ ಮಾತ್ರ. ಬೆಳಿಗ್ಗೆ ಬಟ್ಟೆ ಒಗೆದು ಹರವುತ್ತಿದ್ದಳು. ಒಬ್ಬಳ ಬಟ್ಟೆಗೆ ಎಷ್ಟು ಹೊತ್ತು ಹಿಡಿದೀತು? ತಂತಿಯ ಅರ್ಧ ಖಾಲಿ ಉಳಿಯುತ್ತಿತ್ತು. ಅಡುಗೆ ಮಾಡಿದರೆ ಎರಡು ಹೊತ್ತಿಗೆ ಮಿಕ್ಕುತ್ತಿತ್ತು. ಕಡಿಮೆ ಮಾಡೋಣವೆಂದರೆ ಪಾತ್ರೆಗಳೇ ದೊಡ್ಡವು. ಮಧ್ಯಾಹ್ನ ಮಲಗಿ ಎದ್ದರೆ ಇನ್ನೂ ಬಿಸಿಲು. ಎಷ್ಟೋ ವಾರ, ಶನಿವಾರ ಸಂಜೆ ಕೇಂದ್ರದ ಕಾವಲುಗಾರನಿಗೆ "ಬರ್ತೀನಪ್ಪ" ಎಂದ ಮೇಲೆ ಸೋಮವಾರ ಬೆಳಿಗ್ಗೆ ಅವನಿಗೇ "ಏನಪ್ಪಾ" ಎನ್ನುವ ತನಕ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಹಾಗೆ ಮಾತಾಡಿದಾಗ ಗಂಟಲು ಕಟ್ಟಿಕೊಂಡಂತಾಗಿ ಕೆಮ್ಮಿ ಸರಿಮಾಡಿಕೊಳ್ಳುತ್ತಿದ್ದಳು.

ಮೋಡದೆತ್ತರದ ಪರೀಕ್ಷೆಯ ದಿನ ಬಂತು. ಒಳ್ಳೆಯ ಬಿಸಿಲಿನ ಬೆಳಿಗ್ಗೆ, ಗಾಳಿ ಹದವಾಗಿತ್ತು. ಅಕ್ಕ ತನ್ನ ಕೋಣೆಯಲ್ಲಿ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಅದರಲ್ಲಿ ಕೇಳುವುದು ರಾಡಾರಿನವನ ದನಿ ಒಂದೇ; ವಾಹನದ ತಂಡದವರ ಮಾತು ಅವಳ ಕಿವಿಗೆ ಬೀಳದಂತೆ ವ್ಯವಸ್ಥೆ. ಪರದೆಯ ಮೇಲೆ ನಕ್ಷೆ. ಒಂದು ಕಡೆ ಸಮುದ್ರ, ನಡುವೆ ಉಡಾವಣೆಯ ಅಂಗಳ, ಇನ್ನೊಂದು ಕಡೆ ಜೌಗು, ಅದರಾಚೆ ರಸ್ತೆ, ರಸ್ತೆಯಾಚೆ ಊರು. ಜೌಗಿನ ಮೇಲೆ ಒಂದು ಕೆಂಪು ಗೆರೆ. ಅದನ್ನು ಎಳೆದವಳು ಅವಳೇ. ಹಳದಿ ಚುಕ್ಕೆಯೊಂದು ಆ ನಕ್ಷೆಯ ಮೇಲೆ ಚಲಿಸುತ್ತದೆ. ಅದು ವಾಹನ ಎಲ್ಲಿದೆ ಎಂದು ತೋರಿಸುವುದಿಲ್ಲ. ಈಗಿಂದೀಗ ಎಂಜಿನ್ ನಿಂತರೆ ಅದು ಎಲ್ಲಿ ಬೀಳುತ್ತದೆ ಎಂದು ತೋರಿಸುತ್ತದೆ. ಚುಕ್ಕೆ ಗೆರೆ ದಾಟಿದರೆ ಗುಂಡಿ ಒತ್ತಬೇಕು. ಯೋಚಿಸಲಿಕ್ಕೆಂದು ನಿಯಮ ಜಾಗ ಬಿಟ್ಟಿರಲಿಲ್ಲ. ಯೋಚನೆಯೆಲ್ಲ ಗೆರೆ ಎಳೆಯುವಾಗಲೇ ಮುಗಿದಿರಬೇಕು.

ಗೆರೆಯಾಚೆ, ರಸ್ತೆ ಮುಗಿದು ಮೊದಲು ಸಿಗುವ ಸಾಲಿನಲ್ಲಿ ತಂಗಿಯ ಮನೆ. ಬಾಡಿಗೆ ಕಡಿಮೆಯೆಂದು ಅಲ್ಲಿ ಹಿಡಿದಿದ್ದರು.

ವಾಹನ ಎದ್ದಿತು. ಚುಕ್ಕೆ ನೆಟ್ಟಗೆ ಅಂಗಳದ ಮೇಲೇ ನಿಂತಿತ್ತು. ಮೇಲೆ ಹೋಗಿ, ತುಸು ಹೊತ್ತು ತೇಲಿ, ಸಮುದ್ರದ ಕಡೆ ಸರಿದು, ಹಿಂದಿರುಗಲು ಶುರು ಮಾಡಿತು. ಆಗ ಚುಕ್ಕೆ ನಡುಗಿತು. ಅಂಗಳದ ಮೇಲೆ ನಿಲ್ಲಬೇಕಾದದ್ದು ನಿಲ್ಲದೆ ಜೌಗಿನತ್ತ ಜಾರಿತು. "ಬಲಕ್ಕೆ ಎಳೀತಿದೆ" ಎಂದ ರಾಡಾರಿನವನು. ಅಕ್ಕ ಮುಚ್ಚಳ ಎತ್ತಿದಳು. ಚುಕ್ಕೆ ಒಮ್ಮೆ ತಡೆಯಿತು, ಇನ್ನೇನು ಹಿಂದಕ್ಕೆ ಬಂತು ಎನ್ನುವಾಗ ಮತ್ತೆ ಜಾರಿ, ಗೆರೆಯನ್ನು ಮುಟ್ಟಿ, ದಾಟಿತು. ಅವಳು ಒತ್ತಿದಳು.

ಒಂದು ಚುಕ್ಕೆ ಹಲವು ಚುಕ್ಕೆಗಳಾಗಿ ಜೌಗಿನ ಮೇಲೆ ಹರಡಿತು. ಆಮೇಲೆ ಗೋಡೆಯ ಮೂಲಕ ಒಂದು ಸದ್ದು ಬಂತು. ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡಂತೆ, ಅಷ್ಟೆ.

ಯಾರಿಗೂ ಏನೂ ಆಗಲಿಲ್ಲ. ಜೌಗಿನಲ್ಲಿ ಹುಲ್ಲು ಸುಟ್ಟಿತು, ಕೆಲವು ಕೊಕ್ಕರೆಗಳು ಎದ್ದು ಹೋದವು. ಆದರೆ ವಾಹನ ಹೋಯಿತು. ಅವರಲ್ಲಿದ್ದದ್ದು ಅದೊಂದೇ.

ವಿಚಾರಣೆ ನಡೆಯಿತು. ತಪ್ಪು ಸಿಕ್ಕಿತು: ಎಂಜಿನ್ನನ್ನು ಅತ್ತಿತ್ತ ತಿರುಗಿಸುವ ತೋಳೊಂದು ಕ್ಷಣಕಾಲ ಸಿಕ್ಕಿಕೊಂಡಿತ್ತು. ಜೊತೆಗೆ ಯಾರೂ ಬಯಸದ ಇನ್ನೊಂದು ಸಂಗತಿಯೂ ಹೊರಬಿತ್ತು. ಆ ಹಾರಾಟದಲ್ಲಿ ವಾಹನದೊಳಗೆ ಒಂದು ಹೊಸ ಪೆಟ್ಟಿಗೆ ಇಟ್ಟಿದ್ದರು. ದಾರಿ ತಪ್ಪಿದರೆ ಒಡೆಯಬೇಕೋ ಬೇಡವೋ ಎಂದು ಒಳಗಿಂದಲೇ ತೀರ್ಮಾನಿಸುವ ಪೆಟ್ಟಿಗೆ. ಪರೀಕ್ಷೆಗೆಂದು ಇಟ್ಟದ್ದು, ಕೈಗೆ ಅಧಿಕಾರ ಕೊಟ್ಟಿರಲಿಲ್ಲ. ಅದಕ್ಕೆ ಹೇಳಿದ್ದು ಇಷ್ಟೇ: ನೋಡು, ನಿನ್ನ ಮನಸ್ಸಿಗೆ ಬಂದದ್ದನ್ನು ಬರೆದಿಡು. ಜೌಗಿನ ಕೆಸರಿನಿಂದ ಅದನ್ನು ಹೆಕ್ಕಿ ತಂದು ಓದಿದರು. ರಾಡಾರಿನ ಕಣ್ಣಿಗೆ ಬೀಳುವ ಮೊದಲೇ ತೋಳು ಬಿಡಿಸಿಕೊಂಡದ್ದು ಅದಕ್ಕೆ ಗೊತ್ತಾಗಿತ್ತು. ವಾಹನ ಅಂಗಳದ ಕಡೆ ತಿರುಗುತ್ತಿತ್ತು. ಪೆಟ್ಟಿಗೆ ಬರೆದಿಟ್ಟಿತ್ತು: ಬಿಡಬಹುದು.

ವಿಚಾರಣೆಯ ಮೇಜಿನಾಚೆ ಕೂತಿದ್ದ ನಿರ್ದೇಶಕರು ವಯಸ್ಸಾದ ಮೃದು ಮನುಷ್ಯ. ಮಾತಾಡುವ ಮೊದಲು ಕನ್ನಡಕ ಒರೆಸುವ ಅಭ್ಯಾಸ. "ನಿಮ್ಮದೇನೂ ತಪ್ಪಿಲ್ಲ," ಎಂದರು. "ಗೆರೆ ದಾಟಿತ್ತು, ನೀವು ಒತ್ತಿದ್ರಿ. ಮುಗೀತು."

"ಮುಗೀಲಿಲ್ಲ ಸಾರ್," ಎಂದಳು ಅಕ್ಕ. "ನನಗೆ ಆಗ ಗೊತ್ತಿದ್ದಷ್ಟೇ ಗೊತ್ತಿದ್ರೆ ನಾಳೇನೂ ಒತ್ತುತ್ತೀನಿ. ಆದ್ರೆ ನನಗೆ ಗೊತ್ತಾಗದೇ ಇದ್ದಿದ್ದು ಆ ಪೆಟ್ಟಿಗೆಗೆ ಗೊತ್ತಾಗಿತ್ತು. ಹೊರಗಿಂದ ನೋಡೋಳು ನಾನು, ಒಳಗೆ ಕೂತಿರೋದು ಅದು. ಮುಂದಿನ ಸಲ ಕೆಲಸ ಅದಕ್ಕೇ ಕೊಡಿ."

ನಿರ್ದೇಶಕರು ಮತ್ತೊಮ್ಮೆ ಕನ್ನಡಕ ಒರೆಸಿದರು. "ಹಾಗಂದ್ರೆ ನಿಮ್ಮ ಕುರ್ಚಿ?"

"ಕುರ್ಚಿಗೆ ಕೂರೋರು ಬೇಕು ಅಂತ ರಾಕೆಟ್ ಒಡೀಬೇಕಾ ಸಾರ್?" ಅವಳೇ ಸೇರಿಸಿದಳು: "ಒಂದು ಮಾತು. ಕೊಡೋಕೆ ಮುಂಚೆ ಅದನ್ನ ಚೆನ್ನಾಗಿ ಗೋಳಾಡಿಸಬೇಕು. ಸುಳ್ಳು ಹೇಳಿ, ಹೆದರಿಸಿ, ದಾರಿ ತಪ್ಪಿಸಿ ನೋಡಬೇಕು. ಅದನ್ನ ನಾನು ಮಾಡ್ತೀನಿ."

ನಿರ್ದೇಶಕರು ಒಪ್ಪಿದರು. ವಾಹನ ಹೋಗಿ ಪರೀಕ್ಷೆಗಳು ನಿಂತಿದ್ದವು, ಇನ್ನು ಗುಂಡಿಯ ಕೆಲಸವೂ ಅವಳದಾಗಿರಲಿಲ್ಲ; ಭೇಟಿಯ ನಿರ್ಬಂಧವೂ ಮುಗಿದಿತ್ತು. ಆ ಭಾನುವಾರ ಅಕ್ಕ ಹಣ್ಣು ಕೊಂಡು, ಇಸ್ತ್ರಿಯ ಸೀರೆ ಉಟ್ಟು, ತಂಗಿಯ ಮನೆಗೆ ಹೋದಳು. ಬಾಗಿಲು ತೆಗೆದ ತಂಗಿ ಒಳಗೆ ಬಾ ಎನ್ನಲಿಲ್ಲ, ಬಾಗಿಲಿನಿಂದ ಸರಿಯಲೂ ಇಲ್ಲ.

"ನಿನ್ನ ಕೈಗೆ ಬೇರೆ ಯಾರ ರಾಕೆಟ್ಟೂ ಸಿಗಲಿಲ್ವಾ ಅಕ್ಕ?"

ಅಕ್ಕ ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ಅವರು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು ಗೊತ್ತಾ? ಕೂತಲ್ಲೇ ಕೂತಿರ್ತಾರೆ. ನಗೋದು ಬಿಡು, ಮಾತೇ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದ್ರೆ ಹೇಗಿರುತ್ತೆ? ವಾಪಸ್ ಬರ್ತಿತ್ತಂತೆ ಅದು. ಬರ್ತಿತ್ತಂತೆ!"

"ಬರ್ತಿತ್ತು," ಎಂದಳು ಅಕ್ಕ.

ತಂಗಿಯ ಸೆರಗಿನ ಸಂದಿಯಿಂದ ಮಗು ಮುಖ ಹಾಕಿ ನೋಡಿತು. ಮುಖ ಮರೆತಿರಲಿಲ್ಲ. "ದೊಡ್ಡಮ್ಮ, ಅಪ್ಪನ ರಾಕೆಟ್ ಒಡೆದಿದ್ದು ನೀನಾ?"

"ಹೌದು ಪುಟ್ಟ."

"ಯಾಕೆ?"

ಒಳಗೆ ಕುರ್ಚಿ ಎಳೆದ ಸದ್ದು ಕೇಳಿತು. ತಂಗಿಯ ಗಂಡ ಎದ್ದು ಹಿತ್ತಿಲ ಕಡೆ ಹೋದ ಸದ್ದು. ತಂಗಿ ಚೀಲ ತೆಗೆದುಕೊಂಡು, "ಇನ್ನೊಂದಿನ ಬಾ" ಎಂದು ಬಾಗಿಲು ಮುಂದೆ ಮಾಡಿದಳು. ಜೋರಾಗಿ ಹಾಕಲಿಲ್ಲ. ಮೆಲ್ಲಗೆ ಹಾಕಿದ ಬಾಗಿಲು ಹೆಚ್ಚು ಹೊತ್ತು ನೋಯುತ್ತದೆ ಎಂಬುದು ಅಕ್ಕನಿಗೆ ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಪೆಟ್ಟಿಗೆಯನ್ನು ಗೋಳಾಡಿಸುವ ಕೆಲಸ ಶುರುವಾಯಿತು. ಅದನ್ನು ಮೇಜಿನ ಮೇಲಿಟ್ಟು, ತಂತಿ ಜೋಡಿಸಿ, ನೀನು ಆಕಾಶದಲ್ಲಿದ್ದೀಯ ಎಂದು ನಂಬಿಸಿ, ಒಂದೊಂದಾಗಿ ಸುಳ್ಳು ಹಾರಾಟಗಳನ್ನು ಅದಕ್ಕೆ ಉಣಿಸುವುದು. ಗಾಳಿ ಹೆಚ್ಚು ಮಾಡುವುದು, ಎಂಜಿನ್ ಕೆಡಿಸುವುದು, ಎತ್ತರ ತಪ್ಪಾಗಿ ಹೇಳುವುದು. ಅಕ್ಕನಿಗೆ ಇದರಲ್ಲಿ ಒಂದು ಬಗೆಯ ಕೈಗುಣವಿತ್ತು. ಏನೆಲ್ಲ ಕೆಡಬಹುದು ಎಂದು ಊಹಿಸುತ್ತಲೇ ಇಷ್ಟು ವಯಸ್ಸು ಕಳೆದವಳು. ವಾಹನದ ತಂಡದಿಂದ ಅವಳ ಜೊತೆ ಕೂರಲು ಬಂದವನು ಬೇರಾರೂ ಅಲ್ಲ, ತಂಗಿಯ ಗಂಡ. ಪೆಟ್ಟಿಗೆಯ ಒಳಗುಟ್ಟು ತಿಳಿದವನು ಅವನೊಬ್ಬನೇ.

ಎದುರುಬದುರು ಕೂತರು. ಅವನು ಮೇಡಂ ಎಂದ. ಅವಳು ಬನ್ನಿ ಎಂದಳು. ಎಷ್ಟೋ ವಾರ ಹೀಗೇ ಸಾಗಿತು. "ಈಗ ಗಾಳಿ ಕೊಡ್ತೀನಿ." "ಕೊಡಿ ಮೇಡಂ." "ಏನಂತೆ?" "ಒಡೀಬೇಕಂತೆ." "ಸರಿ." ಬೆಳಗಿನಿಂದ ಸಂಜೆಯ ತನಕ ಒಂದೇ ಮೇಜಿಗೆ ಕೂತ ಇಬ್ಬರು, ನಡುವೆ ಒಂದು ಪೆಟ್ಟಿಗೆ, ಮೂವರಲ್ಲಿ ಹೆಚ್ಚು ಮಾತಾಡುತ್ತಿದ್ದದ್ದು ಪೆಟ್ಟಿಗೆಯೇ. ಮಧ್ಯಾಹ್ನ ಅವನು ಡಬ್ಬಿ ತೆಗೆದುಕೊಂಡು ಆಚೆ ಕಟ್ಟಡಕ್ಕೆ ಹೋಗುತ್ತಿದ್ದ. ತಂಗಿಯ ಕೈ ಅಡುಗೆಯ ವಾಸನೆ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅಕ್ಕ ತನ್ನ ಡಬ್ಬಿಯನ್ನು ಅಲ್ಲೇ ಬಿಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಪೆಟ್ಟಿಗೆ ಮುಗ್ಗರಿಸಿತು. ಅದಕ್ಕೆ ದಿಕ್ಕು ತಿಳಿಯಲು ಎರಡು ಕಣ್ಣುಗಳಿದ್ದವು. ಅಕ್ಕ ಒಂದು ಕಣ್ಣಿಗೆ ಸಮುದ್ರವೆಂದೂ ಇನ್ನೊಂದಕ್ಕೆ ಊರೆಂದೂ ಹೇಳಿ ನೋಡಿದಳು. ಪೆಟ್ಟಿಗೆ ಅತ್ತ ಒಡೆಯಲೂ ಇಲ್ಲ, ಇತ್ತ ಬಿಡಲೂ ಇಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರಂತೆ ಸುಮ್ಮನಾಗಿಬಿಟ್ಟಿತು.

"ಇದು ಆಗೋ ಮಾತಲ್ಲ ಮೇಡಂ," ಎಂದ ಅವನು. "ಎರಡೂ ಕಣ್ಣು ಹೀಗೆ ಉಲ್ಟಾ ಹೇಳೋದು ನೂರಕ್ಕೊಂದು ಸಲಾನೂ ಇಲ್ಲ. ಇದನ್ನ ಹಿಡ್ಕೊಂಡು ಕೂತ್ರೆ ಹಾರಾಟ ಮುಂದಿನ ವರ್ಷಕ್ಕೆ ಹೋಗುತ್ತೆ."

"ಹೋಗಲಿ. ತೋಳು ಸಿಕ್ಕಿಕೊಳ್ಳೋದೂ ಆಗೋ ಮಾತಲ್ಲ ಅಂತಿದ್ರಿ."

ಅಲ್ಲಿಗೆ ಅವನ ಕಟ್ಟೆ ಒಡೆಯಿತು. "ಹೌದು, ಸಿಕ್ಕಿಕೊಂಡಿತು! ಬಿಡಿಸಿಕೊಂಡಿತು ಕೂಡ! ಒಂದು ಉಸಿರು, ಅತ್ತಿಗೆ, ಒಂದೇ ಒಂದು ಉಸಿರು ನೀವು ಕಾದಿದ್ರೆ ಅದು ಬಂದು ನಿಲ್ತಿತ್ತು. ನೆಗಡಿ ಬಂತು ಅಂತ ಮೂಗೇ ಕೊಯ್ದುಬಿಟ್ರಲ್ಲ!" ಅವನ ದನಿ ಬಿರುಕುಬಿಟ್ಟಿತು. ಇಷ್ಟು ದಿನ ಅದುಮಿಟ್ಟದ್ದು ಒಟ್ಟಿಗೆ ಬಂತು. "ಒಂದು ಕೇಳ್ತೀನಿ, ನಿಜ ಹೇಳಿ. ಅಲ್ಲಿ ನಮ್ಮನೆ ಇತ್ತು ಅಂತ ಬೇಗ ಒತ್ತಿದ್ರಾ? ಬೇರೆ ಯಾರದೋ ಮನೆ ಆಗಿದ್ದಿದ್ರೆ ಕಾಯ್ತಿದ್ರಾ?"

ಅಕ್ಕ ತಕ್ಷಣ ಇಲ್ಲ ಎನ್ನಬಹುದಿತ್ತು. ವಿಚಾರಣೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಚುಕ್ಕೆ ಗೆರೆ ದಾಟಿತ್ತು, ಅದು ಸತ್ಯ. ಚುಕ್ಕೆ ತಡೆದು ನಿಂತ ಆ ಕ್ಷಣದಲ್ಲಿ ಅವಳ ಕಣ್ಣ ಮುಂದೆ ಬಂದದ್ದು ಏನು? ನಕ್ಷೆಯಲ್ಲಿ ಮನೆಗಳು ಕಾಣುವುದಿಲ್ಲ. ಆದರೂ ಅವಳಿಗೆ ತಂಗಿಯ ಮನೆಯ ತಾರಸಿ ಕಂಡಿತ್ತು, ಅದರ ಮೇಲೆ ಒಣಗಲು ಹಾಕಿದ ಮಗುವಿನ ಬಟ್ಟೆ ಕಂಡಿತ್ತು. ಅದು ಒತ್ತುವ ಮೊದಲೋ ಒತ್ತಿದ ಮೇಲೋ? ಆ ದಿನದಿಂದ ಎಷ್ಟು ಸಲ ಹಿಂದೆ ಹೋಗಿ ನೋಡಿದರೂ ಒಮ್ಮೆ ಮೊದಲು ಎನ್ನಿಸುತ್ತಿತ್ತು, ಒಮ್ಮೆ ಆಮೇಲೆ.

"ನನಗೆ ಗೊತ್ತಿಲ್ಲಪ್ಪ," ಎಂದಳು.

ಈ ಉತ್ತರವನ್ನು ಅವನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ಸಿದ್ಧನಾಗಿದ್ದವನ ಕೈಗೆ ಹಿಡಿಯಲು ಏನೂ ಸಿಗಲಿಲ್ಲ.

"ಅದಕ್ಕೇ ಕಣೋ ಹೇಳಿದ್ದು, ಈ ಕೆಲಸ ಪೆಟ್ಟಿಗೆಗೆ ಕೊಡಿ ಅಂತ," ಎಂದಳು ಅಕ್ಕ. "ಅದಕ್ಕೆ ತಂಗಿ ಇಲ್ಲ. ಆದ್ರೆ ಎರಡು ಕಣ್ಣು ಬೇರೆ ಬೇರೆ ಹೇಳಿದಾಗ ಅದು ಏನು ಮಾಡುತ್ತೆ ಅಂತ ನನಗೆ ಗೊತ್ತಾಗಬೇಕು. ಗೊತ್ತಾಗದೆ ನಾನು ಎದ್ದುಹೋಗಲ್ಲ."

ಅವನು ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರ ಎಳೆದುಕೊಂಡು, "ಮೂರನೇ ಕಣ್ಣು ಬೇಕಾಗುತ್ತೆ," ಎಂದ. "ಇಬ್ಬರು ಜಗಳ ಆಡಿದಾಗ ಪಂಚಾಯ್ತಿಗೆ ಒಬ್ಬ." ಅವನ ಬಾಯಿಯ ಕೊನೆ ತುಸು ಮೇಲೆದ್ದಿತು. ನಗು ಎನ್ನುವಂತಿರಲಿಲ್ಲ, ನಗುವಿನ ದಾರಿಯಲ್ಲಿ ಹೊರಟಿತ್ತು. ಆ ದಿನವೂ ಮಧ್ಯಾಹ್ನ ಅವನು ಡಬ್ಬಿ ತೆಗೆದುಕೊಂಡು ಆಚೆಗೇ ಹೋದ. ಎಲ್ಲ ಒಂದೇ ದಿನ ಸರಿಹೋಗುವುದಿಲ್ಲ.

ಮೂರನೇ ಕಣ್ಣು ಕೂರಿಸಿದರು. ಸುಳ್ಳು ಹಾರಾಟಗಳು ಮತ್ತೆ ಮೊದಲಿನಿಂದ ಶುರುವಾದವು. ಅಕ್ಕ ಹೆಣೆದ ಸುಳ್ಳುಗಳಿಗೆಲ್ಲ ಪೆಟ್ಟಿಗೆ ಉತ್ತರ ಕೊಡುವ ಹೊತ್ತಿಗೆ ಹೊಸ ವಾಹನವೂ ಕಟ್ಟಿ ಮುಗಿದಿತ್ತು. ಅದನ್ನು ಮತ್ತೆ ಸರಪಳಿಯಿಂದಲೇ ಶುರು ಮಾಡಿ ಎಬ್ಬಿಸಿದರು. ಯಾರೂ ಮೆಟ್ಟಿಲು ಹಾರಲಿಲ್ಲ. ಅಧಿಕಾರ ಪೆಟ್ಟಿಗೆಯ ಕೈಗೆ ಹೋಯಿತು. ಅಕ್ಕನನ್ನು ತರಬೇತಿ ವಿಭಾಗಕ್ಕೆ ಹಾಕಿದರು. ಅಲ್ಲಿ ಕಿಟಕಿಯಿತ್ತು, ಮಧ್ಯಾಹ್ನ ಎಲ್ಲರೊಂದಿಗೆ ಉಣ್ಣಬಹುದಿತ್ತು. ಆದರೆ ಇಷ್ಟು ವರ್ಷ ದೂರವಿಟ್ಟವರ ನಡುವೆ ತಟ್ಟೆ ಹಿಡಿದು ಹೋಗಿ ಕೂರುವುದು ಅವಳಿಗೂ ಬರಲಿಲ್ಲ, ಸರಿದು ಜಾಗ ಕೊಡುವುದು ಅವರಿಗೂ ಬರಲಿಲ್ಲ. ಮೇಜಿನ ತುದಿಯಲ್ಲಿ ಕೂತು ಬೇಗ ಉಂಡು ಏಳುತ್ತಿದ್ದಳು.

ಮತ್ತೆ ಮೋಡದೆತ್ತರದ ಹಾರಾಟ ಎಂದಾಗ ಅವಳಿಗೆ ರಜೆ ಬಂತು. ಕೆಲಸವಿಲ್ಲದವರು ಅಂಗಳದಲ್ಲಿ ಇರಬಾರದು. ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ತಂಗಿಯ ಫೋನು ಬಂತು.

"ಬರ್ತೀಯಾ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಇಲ್ಲಿಗೆ. ತಾರಸಿಯಿಂದ ಚೆನ್ನಾಗಿ ಕಾಣುತ್ತೆ." ತಂಗಿ ದನಿ ತಗ್ಗಿಸಿದಳು. "ಅವರು ಅಲ್ಲಿರ್ತಾರೆ. ಮಗು ಸ್ಕೂಲಿಗೆ. ಪ್ರತಿ ಸಲಾನೂ ನಾನೊಬ್ಬಳೇ ನಿಂತು ನೋಡ್ತೀನಿ ಅಕ್ಕ. ಹೋದ ಸಲ ಒಡೆದಾಗ ಇಲ್ಲೇ ಕೂತುಬಿಟ್ಟಿದ್ದೆ."

ಇದನ್ನು ಅಕ್ಕ ಒಮ್ಮೆಯೂ ಯೋಚಿಸಿರಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ತಾನು ಕೂತಿದ್ದಾಗ ಗೆರೆಯಾಚೆ ತಂಗಿ ಒಬ್ಬಳೇ ಕತ್ತೆತ್ತಿ ನಿಂತಿದ್ದಳು.

ಅರ್ಧ ಒಗೆದ ಬಟ್ಟೆ ಬಕೆಟ್ಟಿನಲ್ಲೇ ಬಿಟ್ಟು ಹೋದಳು. ತಂಗಿ ಬಾಗಿಲು ತೆಗೆದಿಟ್ಟು ಮೇಲೆ ಹೋಗಿದ್ದಳು. ಇಬ್ಬರೂ ತಾರಸಿಯ ಗೋಡೆಗೆ ಒರಗಿ ನಿಂತರು. ಜೌಗಿನಲ್ಲಿ ಹುಲ್ಲು ಮತ್ತೆ ಚಿಗುರಿತ್ತು. ದೂರದಲ್ಲಿ ಬಿಳಿ ಹೊಗೆ ಎದ್ದಿತು, ಅದರ ನಡುವಿನಿಂದ ಬಳಪದಷ್ಟು ಸಣ್ಣದೊಂದು ವಸ್ತು ಮೇಲೆ ಹತ್ತಿತು. ಸದ್ದು ಆಮೇಲೆ ಬಂದು ಎದೆಗೆ ತಾಗಿತು. ಅಕ್ಕನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಚುಕ್ಕೆಯಿಲ್ಲ, ಗೆರೆಯಿಲ್ಲ, ಮುಂದಿನ ಗಳಿಗೆಯಲ್ಲಿ ಎಲ್ಲಿ ಬೀಳುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಊರಿನ ಎಲ್ಲರೂ ಹೀಗೇ ನೋಡುತ್ತಾರೆ ಎಂದುಕೊಂಡಳು, ಏನೂ ಗೊತ್ತಿಲ್ಲದೆ, ಯಾರನ್ನೋ ನಂಬಿ.

ಅದು ತಿರುಗಿತು, ಇಳಿಯತೊಡಗಿತು. ಒಮ್ಮೆ ವಾಲಿದಂತೆ ಕಂಡು ತಂಗಿ ಅಕ್ಕನ ತೋಳು ಹಿಡಿದಳು, ಉಗುರು ನೆಡುವಷ್ಟು. ವಾಲಿದ್ದು ನೆಟ್ಟಗಾಯಿತು. ಕೆಳಗೆ ಬೆಂಕಿಯ ಸಣ್ಣ ನಾಲಗೆ, ಕಾಲುಗಳು ಹೂವಿನಂತೆ ಬಿಡಿಸಿಕೊಂಡವು, ದೂಳೆದ್ದು ಎಲ್ಲ ಮುಚ್ಚಿತು. ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ದೂಳು ಇಳಿದಾಗ ಅದು ನಿಂತಿತ್ತು. ಹೋದ ಹಾಗೇ ಬಂದು, ಯಾರ ಆಸರೆಯೂ ಇಲ್ಲದೆ, ಒಂಟಿಯಾಗಿ ಅಂಗಳದ ನಡುವೆ ನಿಂತಿತ್ತು.

ತಂಗಿ ಅಳುತ್ತ ನಗುತ್ತ ಗಂಡನಿಗೆ ಫೋನು ಮಾಡಲು ಕೆಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಫೋನಿನ ಆ ಕಡೆಯಿಂದ ಅವನ ನಗು ಮೆಟ್ಟಿಲ ತನಕ ಕೇಳಿತು, ಮೊದಲಿನದೇ ನಗು. ಅಕ್ಕ ತಾರಸಿಯಲ್ಲೇ ನಿಂತು ಹೊಗೆ ತೆಳುವಾಗುವುದನ್ನು ನೋಡಿದಳು. ಸಂತೋಷವಾಗಿತ್ತು. ಅದನ್ನು ಯಾರಿಗಾದರೂ ಹೇಳಬೇಕೆನ್ನಿಸಿತು, ಹೇಳಲು ಯಾರೂ ನೆನಪಾಗಲಿಲ್ಲ.

"ಊಟ ಮಾಡ್ಕೊಂಡು ಹೋಗು," ಎಂದಳು ತಂಗಿ, ಕಣ್ಣೊರೆಸಿಕೊಳ್ಳುತ್ತ. "ಸಂಜೆ ಅವರ ತಂಡದವರೆಲ್ಲ ಬರ್ತಾರಂತೆ. ನೀನೂ ಇರು."

"ಭಾನುವಾರ ಬರ್ತೀನಿ ಕಣೇ."

"ಬರಲೇಬೇಕು ಮತ್ತೆ," ಎಂದ ತಂಗಿ ಇನ್ನಷ್ಟು ಒತ್ತಾಯಿಸಲಿಲ್ಲ. ಆ ತಂಡದವರ ನಡುವೆ ಅಕ್ಕ ಕೂತರೆ ಎಲ್ಲರ ನಗು ಎಲ್ಲಿ ತಡೆಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ಬಸ್ಸು ಹತ್ತದೆ ನಡೆದೇ ಹೊರಟಳು. ಆ ಊರಿನ ಪ್ರತಿ ಓಣಿಯೂ ಅವಳಿಗೆ ನಕ್ಷೆಯಲ್ಲಿ ಗೊತ್ತಿತ್ತು, ಜನರ ಮುಖ ಗೊತ್ತಿರಲಿಲ್ಲ. ಕ್ಷೌರದಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡವನೊಬ್ಬ ಬಾಗಿಲಿಗೆ ಬಂದು ಆಕಾಶ ನೋಡಿ ಮತ್ತೆ ಒಳಗೆ ಹೋದ. ಶಾಲೆಯ ಗೋಡೆಯಾಚೆ ಮಕ್ಕಳ ಗಲಾಟೆ. ಅದರಲ್ಲಿ ತಂಗಿಯ ಮಗಳ ದನಿ ಇದೆಯೇ ಎಂದು ನಿಂತು ಕೇಳಿದಳು, ಗೊತ್ತಾಗಲಿಲ್ಲ. ಹೊಲಿಗೆಯಂಗಡಿಯ ಮುಂದೆ ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಪೊರಕೆ ನಿಲ್ಲಿಸಿ, "ಏನ್ರೀ ಅದು ಅಷ್ಟು ಜೋರಾಗಿ ಸದ್ದು?" ಎಂದು ಕೇಳಿದಳು.

"ಮೇಲೆ ಹೋಗಿದ್ದು ವಾಪಸ್ ಬಂತು," ಎಂದಳು ಅಕ್ಕ.

"ಓ, ಅವರದ್ದಾ? ನಾನು ಗುಡುಗೇನೋ ಅಂದ್ಕೊಂಡು ಒಣಗೋಕೆ ಹಾಕಿದ್ದ ಬಟ್ಟೆ ಎಲ್ಲ ಒಳಗೆ ತಂದುಬಿಟ್ಟೆ." ಹೆಂಗಸು ತನ್ನಷ್ಟಕ್ಕೆ ನಕ್ಕು, ಬಟ್ಟೆಯ ರಾಶಿಯನ್ನು ಕಣ್ಣಲ್ಲೇ ತೋರಿಸಿದಳು. "ಇನ್ನು ಮತ್ತೆ ಹರವಬೇಕು."

ಅಕ್ಕ ರಾಶಿಯ ಮೇಲಿನ ಒದ್ದೆ ಸೀರೆಗೆ ಕೈ ಚಾಚಿದಳು. "ಕೊಡಿ, ಒಂದು ತುದಿ ಹಿಡ್ಕೋತೀನಿ," ಎಂದಳು.